ನಾಲ್ಕು ಮನೆ ಕೆಳಗೆ

ಸಾಲಗಾಮೆ ರಸ್ತೆಯ ಬಿತ್ತನೆ ಆಲೂಗಡ್ಡೆ ಮಳಿಗೆಯ ಮೇಲೆ
ನಮ್ಮ ಕೋಣೆ. ಗೋಡೆಗೆ ಬಡಿದ ಗೋಣಿಚೀಲಗಳಲ್ಲಿ
ಇನ್ನೂ ಮಣ್ಣಿನ ವಾಸನೆ. ಪಕ್ಕದ ಮನೆಯವರು
ದೂರು ಕೊಟ್ಟ ಮೇಲೆ ಬಡಿದದ್ದು;
ಸದ್ದು ನಿಲ್ಲಲಿಲ್ಲ, ಇಲಿ ಬಂದವು.

ಭಾನುವಾರ. ಬಾಗಿಲು ಹಾಕಿಕೊಂಡಿದ್ದೇನೆ.
ಮೇಜಿನ ಮೇಲೆ ಹಳೇ ಟವೆಲ್ಲು, ಅದರ ಮೇಲೆ
ಬೋರಲು ಮಲಗಿದ ಗಿಟಾರು.
ಬೆನ್ನಿನ ಮುಚ್ಚಳ ಬಿಚ್ಚಿದರೆ ಒಳಗೆ ಐದು ಸ್ಪ್ರಿಂಗು.
ಆಪರೇಷನ್ ಟೇಬಲ್ಲು ಅನ್ನಬಾರದು.
ಅಂದುಕೊಂಡೆ, ಅಷ್ಟೆ.

ಪ್ರೆಸಿಲ್ಲಾಳ ಕುತ್ತಿಗೆಯ ಗಂಟು ತೆಗೆದು ಎಂಟು ತಿಂಗಳು.
ದನಿ ವಾಪಸ್ ಬರುತ್ತೆ ಅಂದಿದ್ದರು ಡಾಕ್ಟರು.
ಬಂದಿದೆ. ಬಿಟ್ಟುಹೋದ ಮನೆಗಲ್ಲ,
ನಾಲ್ಕು ಮನೆ ಕೆಳಗೆ ಎಲ್ಲೋ ಬಾಡಿಗೆಗಿದೆ.
ಹಳೇ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದರೆ
ತಾರಷಡ್ಜದ ಹತ್ತಿರ ಬರೀ ಗಾಳಿ.
ಹೋದ ತಿಂಗಳು ಮೈಕು ಕೆಳಗಿಟ್ಟು
ಸ್ಕೂಟರ್ ಕೀ ಹುಡುಕುತ್ತಾ ಅಂದಳು,
"ಬೇರೆ ಯಾರನ್ನಾದ್ರೂ ನೋಡ್ಕೊಳ್ರೋ."
ಕೀ ಅವಳ ಕೈಯಲ್ಲೇ ಇತ್ತು.

ನಾವು ಯಾರನ್ನೂ ನೋಡಲಿಲ್ಲ.
ಗಿಟಾರನ್ನೇ ಇಳಿಸುತ್ತಿದ್ದೇನೆ.

ಇಳಿಸೋದು ಸುಲಭ ಅಂದುಕೊಂಡಿದ್ದೆ,
ಬಿರಡೆ ಹಿಂದಕ್ಕೆ ತಿರುಗಿಸಿದರೆ ಮುಗೀತು.
ಎಲ್ಲಿ? ಹಳೇ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋತು
ಮೀಟಿದರೆ ಮೆಟ್ಟುಮೆಟ್ಟಿಗೂ ತಗುಲಿ ಝರ್ರೆಂದಿತು.
ಹದಿನಾಲ್ಕು ವರ್ಷ ಎಳೆತಕ್ಕೆ ಒಗ್ಗಿದ ಮರ;
ಎಳೆತ ತಗ್ಗಿಸಿದರೆ ಹಾಯಾಗಿ ನಿಲ್ಲುವುದಿಲ್ಲ,
ಹಿಂದಕ್ಕೆ ಸೆಟೆಯುತ್ತದೆ.
ಒಂದು ಸ್ಪ್ರಿಂಗು ಕಳಚಿ ಜೇಬಿಗೆ ಹಾಕಿಕೊಂಡೆ.
ಹೊಟ್ಟೆಯೂರಿ ಕೂತಿದ್ದ ಕುದುರೆ ಅರ್ಧ ಎದ್ದಿತು.

ಕೊರಿಯರಿನಲ್ಲಿ ದಪ್ಪ ತಂತಿ ಬಂತು. ಕೊನೆಯದಂತೂ
ಸೈಕಲ್ ಬ್ರೇಕಿನ ಕೇಬಲ್ಲು. ತುದಿಯ ಕಚ್ಚಿನಲ್ಲಿ ಕೂರಲೊಲ್ಲದು.
ಹೆಗಲಿಗೇರಿಸಿಕೊಂಡು ಪೆನ್ಶನ್ ಮೊಹಲ್ಲಾಕ್ಕೆ ಹೋದೆ,
ವಾಚ್ ರಿಪೇರಿ ಖಲಂದರ್ ಸಾಹೇಬರ ಗೂಡಿಗೆ.
ಕಣ್ಣಿಗೆ ಗಾಜು ಸಿಕ್ಕಿಸಿ ಬಗ್ಗಿ ನೋಡಿದರು.
"ಇದು ಎಷ್ಟು ಗಂಟೆ ತೋರಿಸ್ತದಪ್ಪಾ?"
ನಕ್ಕು, ಇಲಿಬಾಲದಂಥ ಅರ ಕೊಟ್ಟರು.
"ಮೂರು ಸಲ ಉಜ್ಜು, ಒಂದು ಸಲ ನೋಡು.
ತೆಗೆದದ್ದನ್ನ ಮತ್ತೆ ಅಂಟಿಸೋ ವಿದ್ಯೆ
ನಂಗೂ ಬರಲ್ಲ."

ಕತ್ತಿನೊಳಗೊಂದು ಉಕ್ಕಿನ ಸರಳು.
ಕೀಲಿ ಹಾಕಿ ಎಂಟರಲ್ಲೊಂದು ಸುತ್ತು ಸಡಿಲಿಸಿದೆ.
ಚಹಾ ಕುಡಿದು ಬಂದೆ. ಇನ್ನೊಂದು ಎಂಟರಲ್ಲೊಂದು.
ಮಿಕ್ಕದ್ದು ಮರವೇ ಯೋಚಿಸಲಿ ಅಂತ ರಾತ್ರಿ ಬಿಟ್ಟೆ.
ಹಾಸನದ ಚಳಿಯಲ್ಲಿ ಮರಕ್ಕೂ ನಿದ್ದೆ ಬಂದಿರಲಾರದು.
ಬೆಳಿಗ್ಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ತೆರೆಯುವ ಮುಂಚೆ
ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡುವಂತೆ ನೋಡಿದೆ:
ಏಳನೇ ಮನೆಯ ಹತ್ತಿರ ಸಣ್ಣ ತಗ್ಗು,
ಬಸ್ ಟಿಕೆಟ್ಟು ನುಸುಳುವಷ್ಟು. ಸಾಕು.

ಆಮೇಲೆ ಹನ್ನೆರಡನೇ ಮನೆಯ ತಕರಾರು.
ಬೆರಳು ತಾಗಿಸಿದರೆ ಒಂದು ಸ್ವರ, ಒತ್ತಿದರೆ ಇನ್ನೊಂದು,
ಕೂದಲೆಳೆಯಷ್ಟೇ ಬೇರೆ.
ಕುದುರೆ ಹಿಂದಕ್ಕೆ. ಇನ್ನೂ ಹಿಂದಕ್ಕೆ.
ಮಂದ್ರಕ್ಕೆ ಜಾಗ ಜಾಸ್ತಿ ಬೇಕಂತೆ.
ಇದ್ದಷ್ಟೂ ಕೊಟ್ಟೆ.

ಗುರುವಾರ ಬಂದಳು,
ಕೋಣೆಯ ಬಾಡಿಗೆಯಲ್ಲಿ ತನ್ನ ಪಾಲು ಕೊಟ್ಟುಹೋಗಲು.
ಕೂರಲಿಲ್ಲ. ನೋಟು ಎಣಿಸಲೆಂದು
ಸ್ಕೂಟರ್ ಕೀ ಆಂಪಿನ ಮೇಲಿಟ್ಟಳು.
ನಾನು ಏನೂ ಹೇಳದೆ ಕೊನೆಯ ತಂತಿ ಮೀಟಿದೆ.

ಕೆಳಗೆ ಮಳಿಗೆಯ ಶಟರು ಗುಂಯ್ ಅಂದಿತು.
ಆಂಪಿನ ಮೇಲೆ ಕೀ ನಡುಗುತ್ತಾ ಅಂಚಿನತ್ತ ಸರಿಯಿತು.
"ಏನೋ ಇದು, ಲಾರಿ ರಿವರ್ಸ್ ಬಂದಂಗೆ!"
ಎರಡು ಬೆರಳು ತಾನಾಗಿ ಕುತ್ತಿಗೆಯ ಗೆರೆಗೆ ಹೋದವು.
ಆರೂ ತಂತಿ ಸವರಿದೆ. ಅವಳು ಹಾಡಲಿಲ್ಲ.
ನೋಟಿನ ಎಣಿಕೆ ತಪ್ಪಿ ಮೊದಲಿಂದ ಶುರು ಮಾಡಿ,
ಅರ್ಧಕ್ಕೆ ನಿಲ್ಲಿಸಿ, ತಲೆಯೆತ್ತದೆ,
"ಮೂರನೇದು ಚೂರು ಮೇಲಿದೆ ಕಣೋ," ಅಂದಳು.

ಇತ್ತು.